ಮರದ ಸೇತುವೆಗೆ ಸೂರು ಯಾಕೆ, ಕಟ್ಟೋದು ಹೆಂಗೆ

ನಮ್ಮ ಗದ್ದೆಗೂ ತೆಂಗಿನ ತೋಟಕ್ಕೂ ನಡುವೆ ಒಂದು ಬಸಿಗಾಲುವೆ ಹಾದು ಹೋಗುತ್ತೆ, 9 ಅಡಿ ಅಗಲ. ಅಪ್ಪನ ಕಾಲದಿಂದ್ಲೂ ಅದರ ಮೇಲೆ ತೆಂಗಿನ ಮರ ಸೀಳಿ ಅಡ್ಡ ಹಾಕೋದು, ನಾಕು ಮಳೆಗಾಲದೊಳಗೆ ಅದು ಮೆತ್ತಗಾಗೋದು, ಮತ್ತೊಂದು ಹಾಕೋದು, ಇದೇ ಆಗಿತ್ತು. ಹೋದ್ ಸಲ ನಮ್ಮ ಚಿಕ್ಕಪ್ಪ ಹುಲ್ಲಿನ ಹೊರೆ ಸಮೇತ ಕಾಲುವೆಗೆ ಬಿದ್ದು ಒಂದು ತಿಂಗಳು ಸೊಂಟ ಹಿಡ್ಕೊಂಡು ಮಲಗಿದ್ರು ನೋಡಿ, ಆವಾಗ ತೀರ್ಮಾನ ಮಾಡ್ದೆ. ಪೈಪ್ ಹಾಕಿ ಮಣ್ಣು ಮುಚ್ಚಿದ್ರೆ ಕಸ ಕಟ್ಕೊಂಡು ನೀರು ಗದ್ದೆಗೇ ನುಗ್ಗುತ್ತೆ, ಹಂಗಾಗಿ ಹೆಂಚಿನ ಸೂರಿರೋ ಮರದ ಸೇತುವೆ.

ಆಚಾರ್ರಿಗೆ ಹೇಳಿದ್ದಕ್ಕೆ ಅವರು ನಕ್ಕುಬಿಟ್ರು. "ಅದ್ಯಾಕಣ್ಣ ಸ್ಯಾತ್ವೆಗೆ ಸೂರು? ಅಲ್ಲೇನ್ ಮಲೀಕಬೇಕಾ?"

ಎಲ್ರೂ ಕೇಳೋದು ಇದನ್ನೇ. ಸೂರು ಇರೋದು ನಡೆಯೋರಿಗಲ್ಲ, ಮರಕ್ಕೆ. ಮರ ನೀರಲ್ಲೇ ಮುಳುಗಿದ್ರೂ ಬೇಗ ಕೊಳೆಯಲ್ಲ, ಪೂರ್ತಿ ಒಣಗಿದ್ರೂ ಕೊಳೆಯಲ್ಲ, ನೆನೆಯೋದು ಒಣಗೋದು ನೆನೆಯೋದು ಅಂತ ಆಡ್ತಾ ಇದ್ರೆ ಮಾತ್ರ ಕೀಲಿನ ಸಂದಿಯೊಳಗೆ ನೀರು ಕೂತು ಒಳಗಿಂದ್ಲೇ ತಿನ್ನುತ್ತೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದೀರಲ್ಲ, 1784ರದ್ದು, ತೇಗದ ಕೆಲಸ, ಹೊಳೆ ಪಕ್ಕದಲ್ಲೇ ಇದೆ. ಸುತ್ತ ಜಗಲಿ ಮೇಲೆ ಸೂರು ಎಷ್ಟು ಮುಂದಕ್ಕೆ ಚಾಚಿದೆ ಅಂತ ಮುಂದಿನ ಸಲ ಹೋದಾಗ ನೋಡಿ, ಮರ ಉಳಿದಿರೋದ್ರ ಗುಟ್ಟು ಅರ್ಧ ಅಲ್ಲೇ ಇದೆ. ಅದೇ ಊರಲ್ಲಿ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಪೂರ್ತಿ ಕಲ್ಲು, ಕಲ್ಲಿಗೆ ಸೂರು ಬೇಕಾಗಿಲ್ಲ.

ಮಜಾ ಅಂದ್ರೆ ಅದಾದ ಮರುವರ್ಷವೇ, 1805ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಟಿಮೊಥಿ ಪಾಮರ್ ಅನ್ನೋ ಬಡಗಿ ಕಟ್ಟಿದ ಮರದ ಸೇತುವೆಗೆ ಸೂರು ಬಿತ್ತು, ಆ ದೇಶದಲ್ಲಿ ಅದೇ ಮೊದಲು ಅಂತಾರೆ. ಬಯಲಲ್ಲಿ ಬಿಟ್ರೆ ಹತ್ತು ಹದಿನೈದು ವರ್ಷಕ್ಕೆ ಹಾಳಾಗೋದು ಸೂರಿನಡಿ ನೂರು ವರ್ಷ ದಾಟುತ್ತೆ ಅಂತ ಗೊತ್ತಾದ್ಮೇಲೆ ಅಲ್ಲಿ ಊರೂರಿಗೂ ಕಟ್ಟಿದ್ರು. ಹಿಮ ಬೀಳದೇ ಇರ್ಲಿ ಅಂತ ಸೂರು ಹಾಕಿದ್ರು ಅನ್ನೋರಿದಾರೆ, ಅದು ಸುಳ್ಳು, ಚಳಿಗಾಲದಲ್ಲಿ ಜಾರುಬಂಡಿ ಓಡಿಸೋಕೆ ಅವರೇ ಹೊರಗಿಂದ ಹಿಮ ತಂದು ಸೇತುವೆ ಒಳಗೆ ಹರಡ್ತಿದ್ರು! ಕೆನಡಾದ ಹಾರ್ಟ್‌ಲ್ಯಾಂಡ್‌ನಲ್ಲಿ ಇರೋದು ಪ್ರಪಂಚದಲ್ಲೇ ಉದ್ದದ್ದು, 1,282 ಅಡಿ, 1901ರಲ್ಲಿ ಶುರುವಾದಾಗ ಬಯಲಾಗಿತ್ತು, ಸೂರು ಬಂದಿದ್ದು ಇಪ್ಪತ್ತು ವರ್ಷದ ಮೇಲೆ. ಯುರೋಪಲ್ಲಿ, ಚೀನಾದಲ್ಲಿ ಇದು ಇನ್ನೂ ಹಳೇ ವಿದ್ಯೆ, ಸ್ವಿಟ್ಜರ್‌ಲ್ಯಾಂಡಿನ ಲೂಸರ್ನ್ ಸೇತುವೆ 14ನೇ ಶತಮಾನದ್ದು.

ಸರಿ, ಕೆಲಸಕ್ಕೆ ಬರೋಣ. ಮೊದಲು ಮರ. ಹಳೇ ತೊಟ್ಟಿಮನೆ ಕೆಡವಿದ ಹೊನ್ನೆ, ಮತ್ತಿ ತೊಲೆಗಳು ಸಿಕ್ರೆ ಕಣ್ಮುಚ್ಕೊಂಡು ತಗೊಳಿ, ಐವತ್ತು ಅರವತ್ತು ವರ್ಷ ಒಣಗಿರೋ ಮರ ಇನ್ನು ಕುಗ್ಗೋದೇನಿದೆ. ಕಣ್ಮುಚ್ಕೊಂಡು ಅಂದ್ನಲ್ಲ, ಕಿವಿ ಮಾತ್ರ ತೆಗೆದಿಟ್ಕೊಳಿ. ಸುತ್ತಿಗೆ ತಗೊಂಡು ತೊಲೆಯ ಈ ತುದಿಯಿಂದ ಆ ತುದಿವರೆಗೆ ಗೇಣಿಗೊಂದು ಸಲ ಕುಟ್ಕೊಂಡು ಹೋಗಿ, ಗಟ್ಟಿ ಇದ್ರೆ ಟಣ್ ಅನ್ನುತ್ತೆ, ಒಳಗೆ ಟೊಳ್ಳಿದ್ರೆ ದೊಬ್ ಅನ್ನುತ್ತೆ. ನಾನು ನೋಡಿದ ಆರು ತೊಲೇಲಿ ಎರಡು ದೊಬ್ ಅಂದ್ವು, ಮೇಲೆ ನೋಡಿದ್ರೆ ಬಣ್ಣ ಬಳಿದು ಮದುಮಗನ ಥರ ನಿಲ್ಲಿಸಿದ್ರು. ಗೋಡೆಯೊಳಗೆ ಕೂತಿದ್ದ ತುದಿ ಒಂದಡಿ ಕೊಯ್ದು ಬಿಸಾಕಿ, ಗೆದ್ದಲು ಶುರುವಾಗೋದೇ ಅಲ್ಲಿಂದ.

ಆಮೇಲೆ ಬುಡ. ಮರ ಮಣ್ಣಿಗೆ ತಾಗಲೇಬಾರದು. ಎರಡೂ ದಡದಲ್ಲಿ ಅಂಚಿಂದ ಒಂದೂವರೆ ಅಡಿ ಹಿಂದಕ್ಕೆ ಬಂದು ಗಟ್ಟಿ ಮಣ್ಣು ಸಿಗೋವರೆಗೂ ಅಗೆದು ಸೈಜುಗಲ್ಲಲ್ಲಿ ಕಟ್ಟೆ ಕಟ್ಟಿ, ಮೇಲೆ ಒಂದೊಂದು ಚಪ್ಪಡಿ, ಅದರ ಮೇಲೆ ತೊಲೆ. ತೊಲೆ ತುದಿ ಸುತ್ತ ಗಾಳಿ ಆಡ್ಬೇಕು, ಚೆನ್ನಾಗಿ ಕಾಣ್ಲಿ ಅಂತ ಸಿಮೆಂಟ್ ಮೆತ್ತಿಬಿಟ್ರೆ ಕೊಳೆಯೋಕೆ ನೀವೇ ದಾರಿ ಮಾಡ್ಕೊಟ್ಟಂಗೆ. ಕಲ್ಲಿಂದ ಕಲ್ಲಿಗೆ 12 ಅಡಿ ಬಂತು, ತೊಲೆ 14 ಅಡಿದು, 4 ಇಂಚು ಅಗಲ 6 ಇಂಚು ಎತ್ತರ, ಎರಡು ಕಡೆಗೆ ಎರಡು.

ಈಗ ಮುಖ್ಯವಾದ್ದು, ಪಕ್ಕದ ಚೌಕಟ್ಟು. ತೊಲೆಯ ಎರಡು ತುದಿಯಿಂದ ಎರಡು ಓರೆ ಮರ ಎದ್ದು ಮಧ್ಯದ ಕಂಬಕ್ಕೆ 4 ಅಡಿ ಎತ್ತರದಲ್ಲಿ ಬಂದು ಗುದ್ದಿ ನಿಲ್ಲುತ್ವೆ, ಅಷ್ಟೇ, ಮನೆ ಮುಂದೆ ತ್ರಿಕೋನ ಇರುತ್ತಲ್ಲ ಹಂಗೆ. ನೋಡಿದೋರೆಲ್ಲ ಮಧ್ಯದ ಕಂಬ ತೊಲೆ ಮೇಲೆ ನಿಂತಿದೆ ಅನ್ಕೋತಾರೆ. ನಿಂತಿಲ್ಲ ಸ್ವಾಮಿ, ನೇತಾಡ್ತಿದೆ! ಜಂತೆಗೆ ತೊಟ್ಟಿಲು ಕಟ್ಟಿದಂಗೆ ಆ ಓರೆ ಮರಗಳಿಗೆ ಕಂಬ ನೇತು ಹಾಕಿ, ಕಂಬದ ಬುಡಕ್ಕೆ ತೊಲೆಯ ನಡುವನ್ನ ನೇತು ಹಾಕಿರೋದು. ನೀವು ಮಧ್ಯದಲ್ಲಿ ಕಾಲಿಟ್ಟಾಗ ತೊಲೆ ಬಗ್ಗೋಕೆ ನೋಡುತ್ತೆ, ಕಂಬ ಅದನ್ನ ಮೇಲಕ್ಕೆ ಎಳ್ಕೊಳ್ಳುತ್ತೆ, ಓರೆ ಮರಗಳು ಆ ಭಾರನ ದಡದ ಕಲ್ಲಿಗೆ ದಾಟಿಸುತ್ವೆ. ಹಂಗಾಗಿ ಕಂಬದ ಬುಡದಲ್ಲಿ ಬರೀ ಮೊಳೆ ಹೊಡೆದು ಬಿಟ್ರೆ ಇಡೀ ಲೆಕ್ಕವೇ ಬಿದ್ದುಹೋಯ್ತು. ತೊಲೆಯ ಕೆಳಗಿಂದ ಯು ಆಕಾರದ ಕಬ್ಬಿಣದ ಪಟ್ಟಿ ತಂದು ಕಂಬಕ್ಕೆ ಬೋಲ್ಟ್ ಹಾಕ್ಬೇಕು. ನಂಬಿಕೆ ಬರ್ಲಿಲ್ಲ ಅಂತ ಆಚಾರ್ರು ಬಿದಿರು ಕಡ್ಡಿ, ದಾರದಲ್ಲಿ ಒಂದು ಕಟ್ಟಿ, ಮೇಲೆ ಕಲ್ಲಿಟ್ಟು, ಮಧ್ಯದ ದಾರ ಕತ್ತರಿಸಿ ನೋಡಿದ್ರು, ಕಡ್ಡಿ ಪಟ್ ಅಂತ ಬಗ್ಗಿದ್ಮೇಲೆ ಇನ್ನು ಮಾತಿಲ್ಲ.

ಓರೆ ಮರದ ಕಾಲು ತೊಲೆಯಲ್ಲಿ ಕಚ್ಚು ಕೊರೆದು ಕೂರ್ಸೋವಾಗ, ಕಚ್ಚಿನ ಆಚೆಗೆ ತೊಲೆ ಒಂದಡಿಯಾದ್ರೂ ಉಳೀಬೇಕು, ಇಲ್ಲಾಂದ್ರೆ ತಳ್ಳೋ ಭಾರಕ್ಕೆ ಆ ತುಂಡು ಸೀಳಿ ಹೊರಕ್ಕೆ ಬರುತ್ತೆ. ಚೌಕಟ್ಟನ್ನ ನೆಲದ ಮೇಲೇ ಜೋಡಿಸ್ಕೊಳಿ, ಜೋಡಿಸೋವಾಗ ನಡುಮಧ್ಯ ಒಂದಿಂಚು ಮೇಲಕ್ಕೆ ಉಬ್ಬಿರ್ಲಿ. ಹೆಂಚಿನ ಭಾರ ಬಿದ್ಮೇಲೆ ಅದು ಸಮಕ್ಕೆ ಬರುತ್ತೆ, ಮೊದಲೇ ಸಮ ಇಟ್ರೆ ಆಮೇಲೆ ಕತ್ತೆ ಬೆನ್ನಿನ ಥರ ಜೋಲುತ್ತೆ.

ಇದಕ್ಕಿಂತ ಉದ್ದ ಬೇಕಾದೋರಿಗೆ ಬೇರೆ ದಾರಿಗಳಿವೆ. 1820ರಲ್ಲಿ ಇಥಿಯಲ್ ಟೌನ್ ಅನ್ನೋರು ಪೇಟೆಂಟ್ ಮಾಡ್ಸಿದ್ದು ನೋಡೋಕೆ ನಮ್ಮ ಬಿದಿರಿನ ತಡಿಕೆನೇ, ಅಡ್ಡಡ್ಡ ಓರೆ ಹಲಗೆ ಹಾಕಿ ಸೇರೋ ಕಡೆಯೆಲ್ಲ ಮರದ ಗೂಟ. ದೊಡ್ಡ ತೊಲೆ ಬೇಡ, ದೊಡ್ಡ ಕಸುಬುದಾರರೂ ಬೇಡ, ಅಡಿಗೆ ಇಷ್ಟು ಅಂತ ದುಡ್ಡು ಎಣಿಸ್ಕೊಂಡ್ರಂತೆ ಆಸಾಮಿ. 1840ರಲ್ಲಿ ವಿಲಿಯಂ ಹೌ ನೇತಾಡೋ ಕಂಬದ ಜಾಗಕ್ಕೆ ಕಬ್ಬಿಣದ ಸಲಾಕೆ ಹಾಕಿ ನಟ್ಟಲ್ಲಿ ಬಿಗಿಯೋ ಹಂಗೆ ಮಾಡಿದ್ರು. ಆದ್ರೆ 15 ಅಡಿ ದಾಟಿದ್ರೆ ನನ್ನ ಮಾತು ನಂಬ್ಕೊಂಡು ಕಟ್ಬೇಡಿ, ಇಂಜಿನಿಯರ್ ಹತ್ರ ಲೆಕ್ಕ ಹಾಕ್ಸಿ. ನೀರಾವರಿ ನಾಲೆ ಮೇಲಾದ್ರೆ ಇಲಾಖೆ ಒಪ್ಪಿಗೆ ಇಲ್ದೆ ಗುದ್ದಲಿನೂ ಹಾಕ್ಬೇಡಿ.

ನೆಲದ ಹಲಗೆ ಒಂದೂವರೆ ಇಂಚಿಂದು, ನಡುವೆ ಕಾಲಿಂಚು ಸಂದಿ. ಹಲಗೆ ಕೆಳಗೆ ಮರದ ಪಟ್ಟಿ ಗುಣಿಸು ಚಿಹ್ನೆ ಥರ ಹೊಡೀರಿ, ಪಕ್ಕಕ್ಕೆ ವಾಲಾಡೋದು ನಿಲ್ಲುತ್ತೆ. ಮಧ್ಯದ ಕಂಬನ ಹಂಗೇ 7 ಅಡಿವರೆಗೆ ಬೆಳೆಸಿ, ತುದೀಲಿ ಇನ್ನೊಂದೊಂದು ಕಂಬ ನಿಲ್ಸಿ, ಅದರ ಮೇಲೆ ಸೂರು. ನಮಗೆ ಸುಮಾರು 160 ಮಂಗಳೂರು ಹೆಂಚು ಹಿಡೀತು, ಒಂದೊಂದು ಎರಡು ಕೇಜಿಗೆ ಕಮ್ಮಿ ಇಲ್ಲ, ಅಂದ್ರೆ ಐದಾರು ಜನ ಯಾವಾಗ್ಲೂ ಮೇಲೆ ಕೂತಂಗೆ. ಭಾರ ಬೇಡ ಅಂದ್ರೆ ಶೀಟ್ ಹಾಕಿ, ನೋಡೋಕೆ ಸೈಕಲ್ ಸ್ಟ್ಯಾಂಡ್ ಥರ ಕಾಣುತ್ತೆ ಅಷ್ಟೇ. ಸೂರು ಎರಡೂ ಪಕ್ಕ 2 ಅಡಿ ಚಾಚಿರ್ಲಿ, ಇದ್ರಲ್ಲಿ ಮಾತ್ರ ಜಿಪುಣತನ ಬೇಡ.

ಮೊದಲ ಬೇಸಿಗೆ ಕಳೆದ್ಮೇಲೆ ಬೋಲ್ಟುಗಳನ್ನ ಒಂದ್ ಸುತ್ತು ಬಿಗೀರಿ. ಕಲ್ಲಿನ ಕಟ್ಟೆ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಎದ್ದಿದೆಯಾ ಅಂತ ತಿಂಗಳಿಗೊಂದ್ ಸಲ ನೋಡಿ, ಇದ್ರೆ ಕೆರೆದು ಹಾಕಿ. ಬೆಂಕಿ ಬಗ್ಗೆ ಹುಷಾರು. ಲೂಸರ್ನ್ ಸೇತುವೆ ಆರು ಶತಮಾನ ನಿಂತು 1993ರ ಆಗಸ್ಟಲ್ಲಿ ಒಂದೇ ರಾತ್ರಿಗೆ ಬಹುಪಾಲು ಸುಟ್ಟುಹೋಯ್ತು, ನಮ್ಮ ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ ಮದುವೆ ನಡೀತಿದ್ದಾಗಲೇ ಹೋಯ್ತಲ್ಲ. ನಮ್ಮ ಕಡೆ ಭಯ ಕಬ್ಬಿನ ತರಗಿಂದು. ಕಟಾವಾದ್ಮೇಲೆ ಬೆಂಕಿ ಇಡೋ ಅಭ್ಯಾಸ ಇದೆಯಲ್ಲ, ಗಾಳಿಗೆ ಕಿಡಿ ಎಲ್ಲಿಗೆ ಹಾರುತ್ತೆ ಹೇಳೋಕಾಗಲ್ಲ, ಅದಕ್ಕೆ ಸೇತುವೆ ಸುತ್ತ ಇಪ್ಪತ್ತಡಿ ತರಗು, ಒಣ ಸೋಗೆ ಏನೂ ಬೀಳದಂಗೆ ನೋಡ್ಕೋತೀವಿ.

ಕೊನೇದಾಗಿ, ಎರಡೂ ಬಾಯಲ್ಲಿ ನಟ್ಟ ನಡುವೆ ಒಂದೊಂದು ಕಲ್ಲುಕಂಬ ನೆಡಿ, ಮನುಷ್ಯರು, ಕುರಿ, ಹೊರೆ ಹೊತ್ತೋರು ಪಕ್ಕದಲ್ಲಿ ನುಸುಳ್ಕೊಂಡು ಹೋಗ್ಬೇಕು ಅಷ್ಟು ಜಾಗ ಬಿಟ್ಟು. ನಾವು ಮೊದಲು ನೆಟ್ಟಿರ್ಲಿಲ್ಲ. ಹೆಂಚು ಹಾಕಿ ಮೂರನೇ ದಿನ ಬೆಳಗ್ಗೆ ಹೋಗಿ ನೋಡಿದ್ರೆ ಪಕ್ಕದ ಜಮೀನಿನೋರು ಪವರ್ ಟಿಲ್ಲರ್ ತಂದು ಮುಂದಿನ ಚಕ್ರ ಹಲಗೆ ಮೇಲಿಟ್ಟು, "ಇದು ತಡೀತದಾ ಅಣ್ಣೋ?" ಅಂತ ಕೇಳ್ತಾ ನಿಂತಿದ್ರು.