ತಟ್ಟೆಯ ಮೇಲೆ ಯಾರ ಹೆಸರು?

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಅಕ್ಕಪಕ್ಕದ ರಸ್ತೆಗಳಲ್ಲಿ ಗೃಹಪ್ರವೇಶ, ನಾಮಕರಣ, ತಿಥಿ ಅಂತ ಊಟ ನಡೆಯುತ್ತಲೇ ಇರುತ್ತದೆ. ಇವತ್ತು ಶಾಮಿಯಾನ, ನಾಳೆ ಬೀದಿ ಮೂಲೆಯಲ್ಲಿ ಪೇಪರ್ ತಟ್ಟೆಯ ರಾಶಿ. ಪೇಪರ್ ಅನ್ನೋದು ಹೆಸರಿಗಷ್ಟೇ, ಮೇಲೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಅನ್ನ ಸಾರು ಮೆತ್ತಿದ ಮೇಲೆ ಅದನ್ನು ಹಸಿ ಕಸಕ್ಕೂ ಹಾಕೋ ಹಾಗಿಲ್ಲ, ಒಣ ಕಸಕ್ಕೂ ಹಾಕೋ ಹಾಗಿಲ್ಲ.

ನಮ್ಮ ಬಡಾವಣೆಯ ಸಂಘದಿಂದಲೇ ಸ್ಟೀಲ್ ತಟ್ಟೆ, ಲೋಟ ಕೊಂಡಿಡೋಣ ಎಂದು ಖಜಾಂಚಿಯಾಗಿ ನಾನು ಸಭೆಯಲ್ಲಿ ಹೇಳಿದೆ. ಹೊಸ ವಿಚಾರವೇನಲ್ಲ. ನಮ್ಮ ಹಳ್ಳಿ ಕಡೆ ದೇವಸ್ಥಾನದ ಪಾತ್ರೆ ಊರವರ ಮದುವೆ ಮುಂಜಿಗೆ ಬರುತ್ತಿತ್ತಲ್ಲ, ಅದೇ.

ದುಡ್ಡು ಬೇಗ ಸೇರಿತು. ಜಗಳ ಆಮೇಲೆ ಶುರುವಾಯಿತು. ಜಾಸ್ತಿ ಹಣ ಕೊಟ್ಟವರೊಬ್ಬರು ತಟ್ಟೆಗಳ ಮೇಲೆ ತಮ್ಮ ತಂದೆಯ ಹೆಸರು ಕೊರೆಸಬೇಕು ಎಂದರು. ನಾನು ಬೇಡವೇ ಬೇಡ ಎಂದೆ. ಹೆಸರು ಕೊರೆಸಿದವರು ನಾಳೆ ‘ನಮ್ಮ ತಟ್ಟೆ, ಮೊದಲು ನಮಗೆ’ ಅನ್ನದೇ ಇರುತ್ತಾರಾ? ಕೊನೆಗೆ ದಾನಿಗಳಿಗೆ ರಸೀದಿ, ತಟ್ಟೆಗೆ ಸಂಘದ ಹೆಸರು ಮತ್ತು ನಂಬರು ಎಂದು ತೀರ್ಮಾನವಾಯಿತು. ಪಾತ್ರೆ ಅಂಗಡಿಯವನು ಟರ್ರ್ ಅನ್ನೋ ಆ ಸಣ್ಣ ಮಿಷನ್ ಹಿಡಿದು ಅಂಚಿನ ಹಿಂಬದಿಗೆ ಒಂದೊಂದನ್ನೇ ಕೊರೆದು ಕೊಟ್ಟ. ಆ ನಂಬರಿನಿಂದಲೇ ಈಗ ಲೆಕ್ಕ ಸಿಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಎಲ್ಲರೂ ಮನಸ್ಸಲ್ಲೇ ಇಟ್ಟುಕೊಂಡಿದ್ದರು: ಮಾಂಸದೂಟಕ್ಕೂ ಇದೇ ತಟ್ಟೆಯಾ? ಎರಡು ಸೆಟ್ ಮಾಡೋಣ ಎಂದರು ಕೆಲವರು. ಎರಡು ಸೆಟ್ ಮಾಡಿದರೆ ಬಡಾವಣೆಯೂ ಎರಡಾಗುತ್ತದೆ ಎಂದು ಮಹಿಳಾ ಸ್ವಸಹಾಯ ಸಂಘದವರು ಹಟ ಹಿಡಿದರು. ಒಂದೇ ಸೆಟ್ ಉಳಿಯಿತು, ಬಿಸಿನೀರಲ್ಲಿ ತೊಳೆಯುವುದು ಕಡ್ಡಾಯವಾಯಿತು. ಅಡುಗೆ ಪಾತ್ರೆ ಮಾತ್ರ ಇಡಲೇ ಇಲ್ಲ, ಅಡುಗೆಯವರು ತಮ್ಮದೇ ತರುತ್ತಾರೆ. ಒಪ್ಪದ ಎರಡು ಮೂರು ಮನೆಯವರು ಬಾಳೆ ಎಲೆ ಹಾಕುತ್ತಾರೆ. ಅದೂ ಒಳ್ಳೆಯದೇ, ಅಲ್ವಾ!

ನಿಯಮ ಬರೆಯುವ ದಿನ ಪೌರಕಾರ್ಮಿಕರನ್ನೂ ಕರೆದು ಕೂರಿಸಿದ್ದೆವು. ನನಗೆ ಕೇಳಿದರೆ ಇದೇ ದೊಡ್ಡ ಕೆಲಸ. ಅವರಲ್ಲೊಬ್ಬರು, ‘ತಟ್ಟೆ ಸರಿ ಸಾರ್, ಬಾಟ್ಲಿಗೇನ್ ಮಾಡ್ತೀರಿ?’ ಎಂದರು. ಊಟಕ್ಕೆ ಇಡುವ ಪುಟ್ಟ ನೀರಿನ ಬಾಟಲಿಯನ್ನು ಅರ್ಧ ಕುಡಿದು ಬಿಟ್ಟಿರುತ್ತಾರೆ. ಒಂದೊಂದರ ಮುಚ್ಚಳ ತೆಗೆದು ನೀರು ಚೆಲ್ಲದಿದ್ದರೆ ಗುಜರಿಯವನು ತಗೊಳ್ಳಲ್ಲ, ಚೀಲವೋ ಎತ್ತಲಾಗದಷ್ಟು ಭಾರ. ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಬಾಟಲಿ ಇಡುವವರಿಗೆ ತಟ್ಟೆ ಇಲ್ಲ, ಜಗ್ಗು ಲೋಟ ತಟ್ಟೆಯ ಜೊತೆಗೇ ಬರುತ್ತವೆ ಎಂದು ಅಲ್ಲೇ ಬರೆದೆವು.

ಬೀಗದ ಕೈ ಸ್ವಸಹಾಯ ಸಂಘದವರ ಹತ್ತಿರ. ತೊಳೆಯುವವರೂ ಅವರೇ. ಬಾಡಿಗೆಯ ಹೆಚ್ಚು ಪಾಲು ಅವರ ಕೂಲಿಗೆ ಹೋಗುತ್ತದೆ. ಕಳೆದುಹೋದದ್ದರ ಬೆಲೆಯನ್ನು ಮುಂಗಡದಲ್ಲಿ ಹಿಡಿಯುತ್ತೇವೆ. ಬಡಾವಣೆ ಸಂಘದ ಅಧ್ಯಕ್ಷರ ಮಗಳ ನಿಶ್ಚಿತಾರ್ಥದಲ್ಲಿ ಚಮಚ ಕಮ್ಮಿ ಬಂದಾಗ ಅವರಿಗೂ ಹಿಡಿದೆವು. ಆಮೇಲೆ ನಿಯಮದ ಬಗ್ಗೆ ಯಾರೂ ತಕರಾರು ತೆಗೆದಿಲ್ಲ.

ಕಾನೂನಿನ ಬಲವೂ ಸ್ವಲ್ಪ ಇತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ, ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನರನ್ನು ಸೇರಿಸುವುದಾದರೆ 3 ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸ ಬೇರ್ಪಡಿಸಿ ಕೊಡಬೇಕು ಎಂದು ಹಾಕಿದ್ದರು. ತಟ್ಟೆ ಬುಕ್ ಮಾಡುವಾಗ ಆ ಪತ್ರವನ್ನೂ ನಾವೇ ಬರೆಸುತ್ತಿದ್ದೆವು. ವಾರ್ಡ್ ಸಮಿತಿ ಮೂಲಕ ಇದನ್ನು ನಗರದ 35 ವಾರ್ಡಿಗೂ ಒಯ್ಯುವ ಆಸೆ ಇತ್ತು. ಆದರೆ ಆ ಸಮಿತಿಗೆ ಅಧ್ಯಕ್ಷರು ಆ ವಾರ್ಡಿನ ಪಾಲಿಕೆ ಸದಸ್ಯರೇ. 2023ರ ಕೊನೆಗೆ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಯಾರ ಬಾಗಿಲು ತಟ್ಟೋದು?

ಗಣಪತಿ ಪೆಂಡಾಲಿನ ಪ್ರಸಾದಕ್ಕೆ ಸ್ಟೀಲ್ ತಟ್ಟೆ ಆಗಿಬರಲಿಲ್ಲ. ಜನ ನಿಂತಲ್ಲೇ ತಿಂದು ಹೋಗುತ್ತಾರೆ. ಅದಕ್ಕೆ ಅಡಿಕೆ ಹಾಳೆ ತಟ್ಟೆ ತರಿಸುತ್ತೇವೆ.

ಈಗ ಪಕ್ಕದ ಬಡಾವಣೆಯವರು ತಟ್ಟೆ ಕೇಳುತ್ತಿದ್ದಾರೆ. ಸಭೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ತಟ್ಟೆಗಿಂತ ಮೊದಲು ನಮ್ಮ ನಡಾವಳಿ ಪುಸ್ತಕದ ಜೆರಾಕ್ಸ್ ಕೊಡೋಣ ಅಂತ ನಾನು ಹೇಳಿದ್ದೇನೆ.