ಅಮೆರಿಕದ ಸೈನ್ಯ ಸೇರಿ ಪೌರತ್ವ ಪಡೆಯುವ ಕನ್ನಡಿಗರಿಗೆ: ಸಹಿ ಹಾಕುವ ಮೊದಲು

"ಸೈನ್ಯ ಸೇರಿದರೆ ಬೇಗ ಪೌರತ್ವ ಕೊಡುತ್ತಾರಂತೆ, ನಿಜವೇ?" ಟೆಕ್ಸಾಸಿನ ಕಿಲೀನ್ ಊರಿನ ಮಗ್ಗುಲಲ್ಲೇ ಫೋರ್ಟ್ ಹುಡ್ ಸೇನಾನೆಲೆ ಇರುವುದರಿಂದ, ಹೊಸದಾಗಿ ಬಂದ ಕನ್ನಡಿಗರು ಇಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ನಿಜವೇ. ಆದರೆ ಬೇಗ ಸಿಗುವ ಆ ಪೌರತ್ವದ ಜೊತೆಗೆ ಏನು ಕೈ ತಪ್ಪುತ್ತದೆ ಎಂಬುದನ್ನು ಭರ್ತಿ ಕಚೇರಿಯ ರಿಕ್ರೂಟರ್ ನಿಮಗೆ ಹೇಳುವುದಿಲ್ಲ. ಅದು ಅವರ ಕೆಲಸವೂ ಅಲ್ಲ; ಭಾರತದ ನಿಯಮ ಅವರಿಗೆ ಗೊತ್ತಿರುವುದೂ ಇಲ್ಲ. ಇದನ್ನು ಬರೆಯಲು ಕೂತದ್ದು ಮುಖ್ಯವಾಗಿ ಆ ಕಾರಣಕ್ಕೆ. ಅದಕ್ಕೆ ಮುಂಚೆ ದಾರಿಯನ್ನು ಮೊದಲಿಂದ ನೋಡೋಣ.

ಯಾರು ಸೇರಬಹುದು

ಎಚ್-1ಬಿ (ಉದ್ಯೋಗ), ಎಚ್-4 (ಅವರ ಮನೆಯವರದು), ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಇರುವವರು ಸೇರುವಂತಿಲ್ಲ. ಕಾನೂನಿನ ಪ್ರಕಾರ ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇರುವವರು, ಜೊತೆಗೆ ಪೆಸಿಫಿಕ್ ಸಾಗರದ ಕೆಲವು ದ್ವೀಪರಾಷ್ಟ್ರಗಳವರು ಮಾತ್ರ ಭರ್ತಿಯಾಗಬಹುದು. ರಕ್ಷಣಾ ಇಲಾಖೆ 2008ರಲ್ಲಿ ‘ಮಾವ್ನಿ’ ಎಂಬ ಯೋಜನೆ ತಂದಿತ್ತು. ವೈದ್ಯಕೀಯ ವೃತ್ತಿಯವರನ್ನೂ ಇಲಾಖೆಗೆ ಬೇಕಾದ ಭಾಷೆ ಬಲ್ಲವರನ್ನೂ ಗ್ರೀನ್ ಕಾರ್ಡ್ ಇಲ್ಲದಿದ್ದರೂ ಅದರಡಿ ಸೇರಿಸಿಕೊಳ್ಳುತ್ತಿದ್ದರು. ಸುಮಾರು ಹತ್ತು ಸಾವಿರ ಜನ ಹಾಗೆ ಸೇರಿದರು. 2016ರಲ್ಲಿ ಹೊಸ ಭರ್ತಿ ನಿಂತುಹೋಯಿತು. "ನನ್ನ ಸ್ನೇಹಿತನ ಅಣ್ಣ ವಿದ್ಯಾರ್ಥಿ ವೀಸಾದಲ್ಲೇ ಸೇರಿದ್ದ" ಎಂದು ಯಾರಾದರೂ ಹೇಳಿದರೆ ಸುಳ್ಳೆನ್ನಬೇಡಿ. ಆ ಕಾಲ ಮುಗಿದಿದೆ, ಅಷ್ಟೇ. ಅಪ್ಪನ ಗ್ರೀನ್ ಕಾರ್ಡ್ ಸರದಿ ಬರುವ ಮೊದಲೇ ಮಕ್ಕಳಿಗೆ 21 ತುಂಬಿ ಅವನ ಅರ್ಜಿಯಿಂದ ಹೊರಬೀಳುತ್ತಾರೆ, ಅಷ್ಟರೊಳಗೆ ಸೈನ್ಯಕ್ಕಾದರೂ ಸೇರಿಸೋಣ ಎಂದು ಕೆಲವು ತಂದೆತಾಯಿ ಯೋಚಿಸುತ್ತಾರೆ. ಆ ಬಾಗಿಲು ಈಗ ಇಲ್ಲ.

ಗ್ರೀನ್ ಕಾರ್ಡ್ ಇದ್ದವರಿಗೂ ಎಲ್ಲ ಹುದ್ದೆಗಳು ಸಿಗುವುದಿಲ್ಲ. ಭದ್ರತಾ ಅನುಮತಿ ಬೇಕಾದ ಕೆಲಸಗಳಿಗೆ ಪೌರತ್ವ ಇರಲೇಬೇಕು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ ಬಂದವರಿಗೂ ಮೊದಲು ಅಡುಗೆ, ಉಗ್ರಾಣ, ವಾಹನ ದುರಸ್ತಿ ಇಂಥ ಕೆಲಸಗಳನ್ನೇ ತೋರಿಸಿದರೆ ಬೇಸರಪಡಬೇಡಿ. ಇನ್ನೊಂದು ಮಾತು: ಒಪ್ಪಂದದಲ್ಲಿ ಮೂರೋ ನಾಲ್ಕೋ ವರ್ಷ ಎಂದು ದೊಡ್ಡದಾಗಿ ಕಂಡರೂ ಒಟ್ಟು ಬಾಧ್ಯತೆ 8 ವರ್ಷ. ಉಳಿದ ವರ್ಷಗಳು ಮೀಸಲು ಪಟ್ಟಿಯಲ್ಲಿ ಕಳೆಯುತ್ತವೆ, ಕರೆ ಬಂದರೆ ಹೋಗಬೇಕು.

ತಾನಾಗಿ ಏನೂ ಆಗುವುದಿಲ್ಲ

ಸಮವಸ್ತ್ರ ತೊಟ್ಟ ದಿನದಿಂದ ತಾನು ಪ್ರಜೆ ಎಂದು ನಂಬಿ, ಅರ್ಜಿಯನ್ನೇ ಹಾಕದೆ ಸೇವೆ ಮುಗಿಸಿ ಹೊರಬಂದವರು ಇದ್ದಾರೆ. ಮುಂದೆ ಯಾವುದೋ ಅಪರಾಧದಲ್ಲಿ ಸಿಕ್ಕಿಬಿದ್ದು, ತಾವು ಯಾವ ದೇಶಕ್ಕಾಗಿ ಬಂದೂಕು ಹಿಡಿದಿದ್ದರೋ ಅದೇ ದೇಶದಿಂದ ಗಡೀಪಾರಾದ ಮಾಜಿ ಸೈನಿಕರೂ ಇದ್ದಾರೆ. ಅರ್ಜಿಯನ್ನು ನೀವೇ ಹಾಕಬೇಕು, ನೀವೇ ಬೆನ್ನು ಹತ್ತಬೇಕು.

ಕಾನೂನಿನಲ್ಲಿ ಎರಡು ದಾರಿಗಳಿವೆ. ಶಾಂತಿಕಾಲದ ದಾರಿಯಲ್ಲಿ ಒಂದು ವರ್ಷದ ಗೌರವಯುತ ಸೇವೆ ಬೇಕು. 2003ರ ತಿದ್ದುಪಡಿಗೆ ಮೊದಲು ಅದು ಮೂರು ವರ್ಷವಿತ್ತು. ಇನ್ನೊಂದು ಯುದ್ಧಕಾಲದ ದಾರಿ. ಅಧ್ಯಕ್ಷ ಬುಷ್ 2002ರ ಜುಲೈನಲ್ಲಿ ಹೊರಡಿಸಿದ ಆದೇಶದಂತೆ, 2001ರ ಸೆಪ್ಟೆಂಬರ್ 11ರಿಂದ ಆಚೆಗಿನ ಸೇವೆಯೆಲ್ಲ ಯುದ್ಧಕಾಲದ ಸೇವೆ. ಈ ದಾರಿಯಲ್ಲಿ ಐದು ವರ್ಷ ಇಲ್ಲಿ ವಾಸವಿರಬೇಕು ಎಂಬ ಸಾಮಾನ್ಯ ಷರತ್ತು ಇಲ್ಲ. ಒಂದು ವರ್ಷ ಸೇವೆ ಆಗಿರಬೇಕು ಎಂಬುದೂ ಇಲ್ಲ. ಎರಡರಲ್ಲೂ ಅರ್ಜಿ ಶುಲ್ಕ ಇಲ್ಲ. ಬೇರೆಯವರು ಎನ್-400 ಎಂಬ ಈ ಪೌರತ್ವದ ಅರ್ಜಿಗೆ 2024ರ ದರದಂತೆ 710 ಅಥವಾ 760 ಡಾಲರ್ ಕೊಡುತ್ತಾರೆ. ಸೈನಿಕರಿಂದ ‘ಅರ್ಜಿ ತುಂಬಿಕೊಡುತ್ತೇವೆ’ ಎಂದು ಹಣ ಕೇಳುವ ಮಧ್ಯವರ್ತಿಗಳ ಹತ್ತಿರ ಸುಳಿಯಬೇಡಿ. ಸೇನಾನೆಲೆಯ ಕಾನೂನು ನೆರವು ಕಚೇರಿಯಲ್ಲಿ ವಕೀಲರ ಸಲಹೆ ಉಚಿತ.

ಕಾನೂನು ಇಷ್ಟು ಉದಾರವಾಗಿದೆ. ಆಡಳಿತ ಹಾಗಿಲ್ಲ. ಎಲ್ಲರೂ ಸಿಕ್ಕಿಬೀಳುವುದು ಎನ್-426 ಎಂಬ ಚಿಕ್ಕ ನಮೂನೆಯಲ್ಲಿ. ಈ ವ್ಯಕ್ತಿ ಗೌರವಯುತವಾಗಿ ಸೇವೆ ಸಲ್ಲಿಸುತ್ತಿದ್ದಾನೆ ಎಂದು ಸೈನ್ಯವೇ ದೃಢೀಕರಿಸುವ ಕಾಗದ ಅದು. ಪೌರತ್ವ ಕೊಡುವುದು ವಲಸೆ ಇಲಾಖೆ, ದೃಢೀಕರಿಸುವುದು ರಕ್ಷಣಾ ಇಲಾಖೆ; ಸೈನಿಕ ಈ ಎರಡರ ನಡುವೆ ನಿಂತಿರುತ್ತಾನೆ. 2017ರ ಅಕ್ಟೋಬರ್‌ನಲ್ಲಿ ರಕ್ಷಣಾ ಇಲಾಖೆ ಒಂದು ನಿಯಮ ಮಾಡಿತು: ಹಿನ್ನೆಲೆ ತಪಾಸಣೆ ಮುಗಿದಿರಬೇಕು, 180 ದಿನ ಸಕ್ರಿಯ ಸೇವೆ ಆಗಿರಬೇಕು, ಮೀಸಲು ಪಡೆಯವರಾದರೆ ಒಂದು ವರ್ಷ, ಆಮೇಲೆ ಕರ್ನಲ್ ದರ್ಜೆಯ ಅಧಿಕಾರಿಯ ಸಹಿ. ಕಾನೂನಿನಲ್ಲಿ ಇಲ್ಲದ ಕಾಯುವಿಕೆಯನ್ನು ಇಲಾಖೆ ತಾನೇ ಸೇರಿಸಿತು ಎಂದು ಸೈನಿಕರು ನ್ಯಾಯಾಲಯಕ್ಕೆ ಹೋದರು. 2020ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಫೆಡರಲ್ ಜಿಲ್ಲಾ ನ್ಯಾಯಾಲಯ ಸಮ್ಮಾ ಪ್ರಕರಣದಲ್ಲಿ ಆ ಕನಿಷ್ಠ ಅವಧಿಯ ಷರತ್ತನ್ನು ರದ್ದುಪಡಿಸಿತು. ಸರ್ಕಾರ ಬದಲಾದಂತೆ ಇಂಥ ನಿಯಮಗಳು ಬಿಗಿಯಾಗುವುದೂ ಸಡಿಲವಾಗುವುದೂ ಇದ್ದದ್ದೇ. ಹಾಗಾಗಿ ಹಿಂದಿನ ವರ್ಷ ಸೇರಿದ ಗೆಳೆಯನ ಅನುಭವವನ್ನು ನಿಮ್ಮದಕ್ಕೆ ಲೆಕ್ಕ ಹಾಕಬೇಡಿ. ಭರ್ತಿಯಾಗುವ ವಾರದಲ್ಲಿ ಯಾವ ನಿಯಮ ನಡೆಯುತ್ತಿದೆ ಎಂದು ಕಾನೂನು ನೆರವು ಕಚೇರಿಯಲ್ಲಿ ಕೇಳಿ.

ತುಕಡಿಯ ಸಿಬ್ಬಂದಿ ಕಚೇರಿಯನ್ನು ಎಲ್ಲರೂ ‘ಎಸ್-1’ ಎನ್ನುತ್ತಾರೆ. ನಮೂನೆ ಅಲ್ಲಿಂದಲೇ ಹೊರಡಬೇಕು. ಅಲ್ಲಿ ಕೂತಿರುವ ಹುಡುಗನಿಗೂ ಇದು ಹೊಸ ಕಾಗದವಾಗಿರಬಹುದು, ಆದ್ದರಿಂದ ನಮೂನೆಯನ್ನೂ ಅದರ ಸೂಚನೆಗಳನ್ನೂ ನೀವೇ ಮುದ್ರಿಸಿಕೊಂಡು ಹೋಗಿ. ಕೊಟ್ಟ ಪ್ರತಿಯೊಂದರ ನಕಲು ಇಟ್ಟುಕೊಳ್ಳಿ, ಕೊಟ್ಟ ದಿನ ಮತ್ತು ತೆಗೆದುಕೊಂಡವರ ಹೆಸರು ಬರೆದಿಡಿ. ದಕ್ಷಿಣ ಕ್ಯಾರೊಲಿನಾದ ಫೋರ್ಟ್ ಜಾಕ್ಸನ್‌ನಂಥ ಮೂಲ ತರಬೇತಿಯ ನೆಲೆಗಳಲ್ಲಿ ತರಬೇತಿಯ ಹೊತ್ತಿಗೇ ಅರ್ಜಿ ಹಾಕಿಸಿ, ಮುಗಿಯುವಷ್ಟರಲ್ಲಿ ಪ್ರಮಾಣವಚನ ಮಾಡಿಸುವ ವ್ಯವಸ್ಥೆ 2009ರಲ್ಲಿ ಶುರುವಾಯಿತು. ನಡುವೆ ನಿಂತಿದ್ದ ಅದು ಈಚಿನ ವರ್ಷಗಳಲ್ಲಿ ಮತ್ತೆ ಬಂದಿದೆ. ಅವಕಾಶ ಇದ್ದರೆ ಬಿಡಬೇಡಿ. ತರಬೇತಿ ಮುಗಿದು ಜರ್ಮನಿಗೋ ಕೊರಿಯಾಕ್ಕೋ ವರ್ಗವಾದ ಮೇಲೆ ಕಡತ ಹುಡುಕುವುದು ಯಾರಿಗೂ ಬೇಡ.

ಹೆಸರಿನ ಫಜೀತಿ

ನಮ್ಮವರಿಗೆ ಇದು ಪ್ರತ್ಯೇಕ ಕಷ್ಟ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಉಪನಾಮ ಅಥವಾ ಉಪನಾಮದ ಜಾಗ ಖಾಲಿ, ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. ಆಮೇಲೆ ಗ್ರೀನ್ ಕಾರ್ಡಿನಲ್ಲಿ ಒಂದು ಬಗೆ, ಭರ್ತಿ ಒಪ್ಪಂದದಲ್ಲಿ ಇನ್ನೊಂದು ಬಗೆ. ಸೈನ್ಯದಲ್ಲಿ ಉಪನಾಮವೇ ಎಲ್ಲ; ಎದೆಯ ಪಟ್ಟಿಯ ಮೇಲೆ ಅಪ್ಪನ ಹೆಸರೋ ಊರಿನ ಹೆಸರೋ ಬಂದು ಕೂರುತ್ತದೆ, ಇಡೀ ತುಕಡಿ ನಿಮ್ಮನ್ನು ಅದರಿಂದಲೇ ಕರೆಯುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅಲ್ಲಿನ ಹೆಸರು ಗ್ರೀನ್ ಕಾರ್ಡಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದುವಂತೆ ನೋಡಿಕೊಳ್ಳಿ. ಪೌರತ್ವದ ಅರ್ಜಿಯಲ್ಲೇ ಹೆಸರು ಬದಲಾಯಿಸಿಕೊಳ್ಳಬಹುದು, ಆದರೆ ನ್ಯಾಯಾಲಯದಲ್ಲಿ ಪ್ರಮಾಣವಚನ ಆದರೆ ಮಾತ್ರ. ಸೇನಾನೆಲೆಯ ಮೈದಾನದಲ್ಲಿ ವಲಸೆ ಅಧಿಕಾರಿಯೇ ನಡೆಸುವ ಸಮಾರಂಭದಲ್ಲಿ ಅದು ಆಗುವುದಿಲ್ಲ.

ಭದ್ರತಾ ಅನುಮತಿಗೆ ತುಂಬುವ ಎಸ್ಎಫ್-86 ಎಂಬ ನಮೂನೆ ಹೊತ್ತಿಗೆಯಷ್ಟು ದಪ್ಪ. ವಿದೇಶದಲ್ಲಿರುವ ಬಂಧುಗಳು ಅಲ್ಲಿನ ಸರ್ಕಾರ, ಸೈನ್ಯದಲ್ಲಿ ಇದ್ದಾರೆಯೇ ಎಂದು ಅದು ಕೇಳುತ್ತದೆ. ಕೊಡಗಿನಿಂದ ಬಂದವರ ಮನೆಯಲ್ಲಿ ಅಪ್ಪನೋ ಚಿಕ್ಕಪ್ಪನೋ ಭಾರತದ ಸೇನೆಯಲ್ಲಿ ಇಲ್ಲದಿದ್ದರೇ ಆಶ್ಚರ್ಯ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ. ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ತೊಂದರೆ ತರುತ್ತದೆ.

ಬೆರಳಚ್ಚು, ಸಂದರ್ಶನ, ಪ್ರಮಾಣವಚನ

ಭರ್ತಿಯಾಗುವಾಗಲೇ ಹತ್ತೂ ಬೆರಳಿನ ಅಚ್ಚು ಸರ್ಕಾರದ ಕೈಯಲ್ಲಿರುತ್ತದೆ. ಆದರೂ ಪೌರತ್ವಕ್ಕೆ ಬೇರೆಯೇ ಕೊಡಬೇಕು ಎಂಬುದು ಹಳೆಯ ಪದ್ಧತಿ. ಕೆರಿಬಿಯನ್‌ನಿಂದ ವಲಸೆ ಬಂದು ಮೀಸಲು ಪಡೆ ಸೇರಿದ್ದ ಕೆಂಡೆಲ್ ಫ್ರೆಡರಿಕ್ ಎಂಬ ಸೈನಿಕ 2005ರ ಅಕ್ಟೋಬರ್‌ನಲ್ಲಿ ಇರಾಕಿನಲ್ಲಿ ಈ ಬೆರಳಚ್ಚು ಕೊಡಲೆಂದೇ ವಾಹನಗಳ ಸಾಲಿನಲ್ಲಿ ಹೊರಟವನು, ರಸ್ತೆಬದಿಯ ಬಾಂಬಿಗೆ ಬಲಿಯಾದ. ಸತ್ತ ಮೇಲೆ ಅವನಿಗೆ ಪೌರತ್ವ ಬಂತು. ಅವನ ತಾಯಿ ಸುಮ್ಮನೆ ಕೂರಲಿಲ್ಲ. 2008ರಲ್ಲಿ ಅವನ ಹೆಸರಿನಲ್ಲೇ ಒಂದು ಕಾಯ್ದೆ ಬಂತು: ಭರ್ತಿಯ ಸಮಯದ ಬೆರಳಚ್ಚನ್ನೇ ಪೌರತ್ವಕ್ಕೂ ಬಳಸಬಹುದು. ವಲಸೆ ಕಚೇರಿಯ ಗುಮಾಸ್ತರು ಮತ್ತೆ ಕರೆದರೆ ಈ ಕಾಯ್ದೆ ಇದೆ ಎಂದು ವಿನಯದಿಂದಲೇ ನೆನಪಿಸಿ.

ಸಂದರ್ಶನಕ್ಕೆ ಹೆದರಬೇಕಾದದ್ದಿಲ್ಲ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿಯಾದರೆ ಸಾಕು. ನಡತೆಯ ಭಾಗ ಮಾತ್ರ ಗಂಭೀರ. ವಾರದ ಕೊನೆಯಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದದ್ದು ಸೈನ್ಯದ ಕಡತದಲ್ಲೂ ವಲಸೆಯ ಕಡತದಲ್ಲೂ ಒಟ್ಟಿಗೇ ಕೂರುತ್ತದೆ.

ಪೌರತ್ವ ಬಂದ ಮೇಲೂ ಒಂದು ಎಳೆ ಉಳಿದಿರುತ್ತದೆ. ಒಟ್ಟು ಐದು ವರ್ಷ ಗೌರವಯುತ ಸೇವೆ ತುಂಬುವ ಮೊದಲು ಅಗೌರವದ ಷರಾ ಹೊತ್ತು ಹೊರಬಿದ್ದರೆ, ಹೀಗೆ ಪಡೆದ ಪೌರತ್ವವನ್ನು ಹಿಂಪಡೆಯಲು ಕಾನೂನಿನಲ್ಲಿ ಅವಕಾಶವಿದೆ.

ಕೊಟ್ಟದ್ದನ್ನು ಕಸಿದುಕೊಂಡ ಹಳೆಯ ಕಥೆಯೂ ಒಬ್ಬ ಭಾರತೀಯ ಸೈನಿಕನದೇ. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿ ವಾಷಿಂಗ್ಟನ್ ರಾಜ್ಯದ ಕ್ಯಾಂಪ್ ಲೂಯಿಸ್‌ನಲ್ಲಿದ್ದರು. 1918ರ ಡಿಸೆಂಬರ್‌ನಲ್ಲಿ ಸಮವಸ್ತ್ರದಲ್ಲೇ ಪೌರತ್ವ ಪಡೆದರು. ನಾಲ್ಕೇ ದಿನದಲ್ಲಿ ಅದು ರದ್ದಾಯಿತು, ಬಿಳಿಯರಲ್ಲ ಎಂದು. ಒರೆಗಾನ್‌ನಲ್ಲಿ 1920ರಲ್ಲಿ ಮತ್ತೆ ಸಿಕ್ಕಿತು. ಸುಪ್ರೀಂ ಕೋರ್ಟ್ 1923ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು; ಆ ತೀರ್ಪಿನ ಬಲದಿಂದ ಬೇರೆ ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಮೊದಲ ಮಹಾಯುದ್ಧದಲ್ಲಿ ದುಡಿದವರಿಗೆ ವರ್ಣಭೇದವಿಲ್ಲದೆ ಪೌರತ್ವ ಕೊಡುವ ಕಾಯ್ದೆ 1935ರಲ್ಲಿ ಬಂದ ಮೇಲೆ, 1936ರಲ್ಲಿ ನ್ಯೂಯಾರ್ಕಿನಲ್ಲಿ ಮೂರನೆಯ ಬಾರಿ ಪ್ರಜೆಯಾದರು. ಕೊನೆಗೂ ಅವರನ್ನು ಉಳಿಸಿದ್ದು ಸೈನ್ಯದ ಬಿಡುಗಡೆ ಪತ್ರ. ಇಂದು ಆ ಪತ್ರಕ್ಕೆ ಡಿಡಿ-214 ಎನ್ನುತ್ತಾರೆ. ಸೇವೆ ಮುಗಿದ ದಿನ ಅದನ್ನು ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ.

ರಿಕ್ರೂಟರ್ ಹೇಳದ ಮಾತು: ಒಸಿಐ

ಭಾರತದ 1955ರ ಪೌರತ್ವ ಕಾಯ್ದೆಯಂತೆ, ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಇಷ್ಟು ಎಲ್ಲರಿಗೂ ಗೊತ್ತು. ಹೋಗಲಿ ಬಿಡಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಂಡರಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸೈನಿಕನಿಗೆ ಅದು ಇಲ್ಲ. ವಿದೇಶಿ ಸೈನ್ಯದಲ್ಲಿ ಇರುವವರಿಗಾಗಲಿ ನಿವೃತ್ತರಾದವರಿಗಾಗಲಿ ಒಸಿಐ ಕೊಡುವುದಿಲ್ಲ ಎಂದು ಭಾರತದ ಗೃಹ ಸಚಿವಾಲಯದ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ನಿವೃತ್ತರು ಎಂಬ ಮಾತನ್ನು ಗಮನಿಸಿ. ಇಪ್ಪತ್ತರ ಹರೆಯದಲ್ಲಿ ನಾಲ್ಕು ವರ್ಷ ದುಡಿದು ಬಂದವರಿಗೆ ಐವತ್ತರಲ್ಲೂ ಇದು ಅನ್ವಯಿಸುತ್ತದೆ. ಐದು ವರ್ಷ ಕಾದು ಸಾಮಾನ್ಯ ದಾರಿಯಲ್ಲಿ ಪ್ರಜೆಯಾದ ನಿಮ್ಮ ಅಕ್ಕನಿಗೆ ಜೀವನಪೂರ್ತಿ ಊರಿಗೆ ಬಂದುಹೋಗುವ ಕಾರ್ಡ್ ಇರುತ್ತದೆ. ಬೇಗ ಪ್ರಜೆಯಾದ ನೀವು ವೀಸಾ ಕೇಳಬೇಕು, ಅದರ ಅವಧಿ ಮುಗಿದಾಗ ಮತ್ತೆ ಕೇಳಬೇಕು. ವೀಸಾ ಅರ್ಜಿಯಲ್ಲಿ ಸೈನ್ಯ, ಪೊಲೀಸ್, ಭದ್ರತಾ ಸಂಸ್ಥೆಯಲ್ಲಿ ಇದ್ದೀರಾ ಅಥವಾ ಇದ್ದಿರಾ ಎಂಬ ಪ್ರಶ್ನೆಯೂ ಇದೆ. ಹುದ್ದೆ, ದರ್ಜೆ, ನೇಮಕವಾದ ಜಾಗ ಬರೆಯಬೇಕು. ಇತ್ತ ಸೈನ್ಯದಲ್ಲಿ ಇರುವವರೆಗೆ ವಿದೇಶ ಪ್ರಯಾಣಕ್ಕೆ ತುಕಡಿಯ ಅನುಮತಿ ಬೇಕು. ಊರಿನಿಂದ ರಾತ್ರೋರಾತ್ರಿ ಫೋನ್ ಬಂದಾಗ, ಕೈಯಲ್ಲಿ ವೀಸಾ ಇಲ್ಲದಿದ್ದರೆ, ಎರಡು ಸರ್ಕಾರಗಳ ಒಪ್ಪಿಗೆ ಪಡೆದು ಹೊರಡಬೇಕಾಗುತ್ತದೆ.

ಇದಕ್ಕಾಗಿ ಸೈನ್ಯ ಬೇಡ ಎಂದು ನಾನು ಹೇಳುವುದಿಲ್ಲ. ಸಂಬಳ, ಓದಿನ ನೆರವು, ಆರೋಗ್ಯ ಸೌಲಭ್ಯ ನೋಡಿ ಸೇರಿ ಒಳ್ಳೆಯ ಬದುಕು ಕಟ್ಟಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಪೌರತ್ವದ ಅವಸರ ಒಂದೇ ಕಾರಣವಾಗಿದ್ದರೆ ಮಾತ್ರ, ಗ್ರೀನ್ ಕಾರ್ಡ್ ಕೈಗೆ ಬಂದವರು ಐದು ವರ್ಷ ಕಾಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಅಪ್ಪನ ಜಮೀನು, ಮನೆ, ಪಾಲು ಪಟ್ಟಿಯ ವಿಚಾರವಿದ್ದರೆ ಪ್ರಮಾಣವಚನಕ್ಕೆ ಮೊದಲೇ ಊರಿನ ವಕೀಲರನ್ನು ಕೇಳಿ. ಒಸಿಐ ಇರುವವರಿಗೆ ಇರುವ ಅನುಕೂಲಗಳು ನಿಮಗೂ ಇವೆ ಎಂದು ಭಾವಿಸಿ ಯಾವ ಪತ್ರಕ್ಕೂ ಸಹಿ ಹಾಕಬೇಡಿ.

ಅವಸರಕ್ಕೆ ನಿಜವಾದ ಕಾರಣ ಅನೇಕರಿಗೆ ಮನೆಯವರು. ಗ್ರೀನ್ ಕಾರ್ಡ್ ಇರುವವರು ತಂದೆತಾಯಿಗೆ ಅರ್ಜಿ ಹಾಕುವಂತಿಲ್ಲ; 21 ತುಂಬಿದ ಪ್ರಜೆ ಹಾಕಬಹುದು, ವಾರ್ಷಿಕ ಮಿತಿಯ ಸರದಿಯೂ ಇಲ್ಲ. ಪ್ರಜೆಯ ಗಂಡ ಅಥವಾ ಹೆಂಡತಿಗೂ ಆ ಸರದಿ ಇಲ್ಲ. ಈ ಅರ್ಜಿಗೆ ನಿಮ್ಮ ಜನನ ಪ್ರಮಾಣಪತ್ರ ಬೇಕು, ಅದರಲ್ಲಿ ಅಪ್ಪ ಅಮ್ಮನ ಹೆಸರು ಅವರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ಎಸ್ಎಸ್ಎಲ್‌ಸಿ ಅಂಕಪಟ್ಟಿಯೊಂದೇ ಸಾಲದು. ಜನನ ನೋಂದಣಿಯೇ ಆಗಿರದಿದ್ದರೆ ನೋಂದಣಿ ಕಚೇರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ, ಜೊತೆಗೆ ನಿಮ್ಮ ಜನನ ಬಲ್ಲ ಹಿರಿಯರ ಅಫಿಡವಿಟ್ ಮಾಡಿಸಬೇಕು. ಇದನ್ನು ಇಲ್ಲಿಂದ ಫೋನಿನಲ್ಲಿ ಮಾಡಿಸಲು ಹೊರಟರೆ ತಿಂಗಳುಗಳು ಹಿಡಿಯುತ್ತವೆ. ಭಾರತದ ಪಾಸ್‌ಪೋರ್ಟ್ ಇನ್ನೂ ಕೈಯಲ್ಲಿರುವಾಗ, ಭರ್ತಿಗೆ ಮುಂಚಿನ ಕೊನೆಯ ಊರ ಪ್ರಯಾಣದಲ್ಲೇ ಮುಗಿಸಿಕೊಂಡು ಬನ್ನಿ.