ಪ್ಲಗ್ ಪಾಯಿಂಟಿನಲ್ಲಿ ಕೂತ ನೀಲಿ ಹಕ್ಕಿ

ಮೊದಲ ಸಲ ಕೇಳಿದಾಗ ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಂಟೇ ಸಿಗಲಿಲ್ಲ. ನೀಲಿ ಕ್ಯಾನರಿ ಹಕ್ಕಿ, ಗ್ರೀಕ್ ಪುರಾಣದ ಜೇಸನ್, ಹಡಗು ಒಡೆಯುವ ಬಂಡೆಗಳು, ಆತ್ಮದೊಳಗೊಂದು ಹಕ್ಕಿಗೂಡು. ಎಲ್ಲವನ್ನೂ ಕುಣಿಸುವಂಥ ಧಾಟಿಯಲ್ಲಿ ಉಸಿರು ಬಿಡದೆ ಹಾಡಿಬಿಡುತ್ತಾರೆ. ಅಮೆರಿಕದ 'ದೇ ಮೈಟ್ ಬಿ ಜೈಂಟ್ಸ್' ತಂಡದ 'ಬರ್ಡ್‌ಹೌಸ್ ಇನ್ ಯುವರ್ ಸೋಲ್' ಅದು. 1990ರ 'ಫ್ಲಡ್' ಆಲ್ಬಮ್‌ನದು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿದ್ದ ಹಾಡು.

ಕ್ಯಾನರಿ ಎಂದೊಡನೆ ನನ್ನ ತಲೆ ಕಲ್ಲಿದ್ದಲು ಗಣಿಗೆ ಓಡಿತು. ವಿಷಾನಿಲ ತುಂಬಿದರೆ ಮೊದಲು ಕುಸಿಯುವುದು ಆ ಹಕ್ಕಿ. ಅದಕ್ಕೇ ಗಣಿಗಾರರು ಅದನ್ನು ಪಂಜರದಲ್ಲಿಟ್ಟು ಕೆಳಗೆ ಒಯ್ಯುತ್ತಿದ್ದರು. ಹಾಗಾದರೆ ಇದು ಸಾವಿನ ಹಾಡೇ ಎಂದುಕೊಂಡೆ. ದೇವರು, ಆತ್ಮಸಾಕ್ಷಿ ಅಂತೆಲ್ಲ ನೋಟ್‌ಬುಕ್ಕಿನ ಹತ್ತು ಪುಟ ತುಂಬಿಸಿದೆ. ಒಂದೂ ನಿಲ್ಲಲಿಲ್ಲ. ಹಾಡಿನಲ್ಲಿ ಗಣಿಯೇ ಇಲ್ಲವಲ್ಲ!

ಚಿಕ್ಕಂದಿನಲ್ಲಿ ಅಜ್ಜಿ ಒಗಟು ಹಾಕಿದಾಗ ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. "ಮೊದಲು ಅದು ಎಲ್ಲಿ ಕೂತಿದೆ ನೋಡು ಪುಟ್ಟಾ" ಅನ್ನುತ್ತಿದ್ದರು. ಆ ಮಾತು ನೆನಪಾಗಿ ಹಳೆಯ ಟಿಪ್ಪಣಿ ಬದಿಗಿಟ್ಟೆ. ಹೊಸ ಹಾಳೆಯಲ್ಲಿ ಹಾಡುವವನ ಜಾಗವನ್ನಷ್ಟೇ ಬರೆದುಕೊಂಡೆ. ಕೂತಿರುವುದು ಸ್ವಿಚ್ಚಿನ ಪಕ್ಕದ ಪ್ಲಗ್ಗಿನಲ್ಲಿ. ಮಾತು ಬರುತ್ತಿರುವುದು ಕರೆಂಟಿನ ಬಾವಿಯಿಂದ. ಎದುರು ಗೋಡೆಯಲ್ಲಿ ಒಂದು ಚಿತ್ರ. ಯಾರನ್ನೋ ಕಾಯುವ ಕೆಲಸ.

ಬರೆದು ಮುಗಿಸುವಷ್ಟರಲ್ಲಿ ಅಕ್ಕನ ನ್ಯೂಜೆರ್ಸಿಯ ಮನೆ ಕಣ್ಣ ಮುಂದೆ ಬಂತು. ನಮ್ಮಲ್ಲಿ ಜೀರೋ ಬಲ್ಬ್ ಹಾಕಿ ಮಲಗಿಸುವ ಹಾಗೆ, ಅಲ್ಲಿ ಮಗಳ ಕೋಣೆಯ ಪ್ಲಗ್ಗಿಗೇ ಸಿಕ್ಕಿಸಿದ ಅಂಗೈಯಗಲದ ಪ್ಲಾಸ್ಟಿಕ್ ಆಮೆ. ಅದರ ಹಸಿರು ಬೆಳಕು ಮಂಚದ ಕಾಲು ಮುಟ್ಟುವಷ್ಟರಲ್ಲಿ ಸೋತುಹೋಗುತ್ತಿತ್ತು. ಹಾಡುತ್ತಿರುವುದು ಅಂಥದ್ದೇ ಒಂದು ದೀಪ, ಹಕ್ಕಿಯ ಆಕಾರದ್ದು! ಪಲ್ಲವಿಯಲ್ಲೇ ರಾತ್ರಿದೀಪ ಉರಿಯುತ್ತಿರಲಿ ಅನ್ನುವ ಮಾತಿದೆ. ಅಷ್ಟು ಸಲ ಕೇಳಿದರೂ ಹಾಡುತ್ತಿರುವುದು ಆ ದೀಪವೇ ಎಂದು ನನಗೆ ಹೊಳೆದಿರಲಿಲ್ಲ.

ಆಮೇಲೆ ಒಂದೊಂದೇ ಗಂಟು ಬಿಚ್ಚಿಕೊಂಡಿತು. ಮಸೂದೆಗೆ ಅಡ್ಡಿಯಾಗಲು ಅಮೆರಿಕದ ಸೆನೆಟರುಗಳು ಗಂಟೆಗಟ್ಟಲೆ ಮಾತು ನಿಲ್ಲಿಸದೆ ನಿಲ್ಲುತ್ತಾರಲ್ಲ, ಆ 'ಫಿಲಿಬಸ್ಟರ್' ಹಾಡಿನಲ್ಲಿದೆ. ಬೆಳಗಿನವರೆಗೆ ಕತ್ತಲೆಗೆ ಎಡೆಗೊಡದೆ ಉರಿಯುವ ದೀಪಕ್ಕೆ ಬೇರೆ ಯಾವ ಪದ ಬೇಕು? ಲಾಂಜೀನ್ಸ್ ಗಡಿಯಾರದವರ ಹೆಸರು ಹೊತ್ತಿದ್ದ ಹಳೆಯ ರೇಡಿಯೊ ಸಂಗೀತ ಕಾರ್ಯಕ್ರಮವೂ ಇದೇ ಕಾರಣಕ್ಕೆ ಬಂದಿದೆ: ಅದೂ ನಿಲ್ಲುವುದಿಲ್ಲ, ತಾನೂ ನಿಲ್ಲುವುದಿಲ್ಲ ಎಂದು ದೀಪ ಹೇಳುತ್ತದೆ.

ನನಗೆ ತೀರಾ ಇಷ್ಟವಾದದ್ದು ಎದುರು ಗೋಡೆಯ ಚಿತ್ರ. ಅದು ದೀಪಸ್ತಂಭದ್ದು. ಹಾಡು ಆ ಹೆಸರು ಹೇಳುವುದಿಲ್ಲ. ಬಂಡೆಗಳ ತೀರದಲ್ಲಿ ನಿಂತು ಹಡಗು ಒಡೆಯದಂತೆ ಕಾದ ನನ್ನ ಪೂರ್ವಜ ಎಂದಷ್ಟೇ ಅನ್ನುತ್ತದೆ. ಆ ಹಿರಿಯನ ಬಗ್ಗೆ ದೀಪಕ್ಕೆ ಗೌರವವಿದೆ. ಆದರೆ ಆ ಕೆಲಸ ನನಗೆ ಕೊಟ್ಟಿದ್ದರೆ ಜೇಸನ್ನನನ್ನೂ ಅವನ ಆರ್ಗೊ ಹಡಗಿನ ಸಂಗಾತಿಗಳನ್ನೂ ಮುಳುಗಿಸಿ ನೌಕರಿ ಕಳೆದುಕೊಳ್ಳುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತದೆ. ತನ್ನ ಬೆಳಕು ಎಲ್ಲಿಯವರೆಗೆ ಎಂಬುದು ಅದಕ್ಕೆ ಗೊತ್ತು. ಅಕ್ಕನ ಮನೆಯ ಆಮೆಯನ್ನು ನೆನೆದು ಆ ಸಾಲು ಕೇಳಿದಾಗ ಗಂಟಲು ಕಟ್ಟಿತು.

ಎಲ್ಲ ಪದಕ್ಕೂ ಅರ್ಥ ಹಿಂಡಲು ಹೋಗಬಾರದು. ರಾಗ ಮೊದಲೇ ಸಿದ್ಧವಿತ್ತು, ಮಾತನ್ನು ಆಮೇಲೆ ಅದರೊಳಗೆ ತುರುಕಬೇಕಾಯಿತು ಎಂದು ಹಾಡು ಕಟ್ಟಿದ ಜಾನ್ ಲಿನೆಲ್ ಹೇಳಿದ್ದಾರೆ. ಕೆಲವು ಪದ ಬರೀ ಮಾತ್ರೆ ತುಂಬಲು ಬಂದಿರಬಹುದು. ಅವನ್ನು ಹಾಗೇ ಬಿಟ್ಟೆ.

ಆರಂಭದ ಸಾಲುಗಳನ್ನು ಮಾತ್ರ ಬಿಡಲಾಗಲಿಲ್ಲ. ನಾನು ನಿನ್ನ ಒಬ್ಬನೇ ಗೆಳೆಯ ಅನ್ನುತ್ತದೆ ದೀಪ. ತಕ್ಷಣ, ಒಬ್ಬನೇ ಅಲ್ಲ, ಬೆಳಗುವ ಪುಟ್ಟ ಗೆಳೆಯ ಎಂದು ತಿದ್ದಿಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಗೆಳೆಯನೂ ಅಲ್ಲ ಅನ್ನುತ್ತದೆ. ಅಷ್ಟು ಹೇಳಿದ ಮೇಲೂ, ಆದರೂ ಹೌದು ಅನ್ನುತ್ತದೆ. ಮೊದಲು ಅದು ನನಗೆ ಬರೀ ಮಾತಿನ ಆಟವಾಗಿ ಕೇಳಿತ್ತು. ಈಗ, ಸುಳ್ಳು ಹೇಳಲಾರದೆ, ಮಗುವನ್ನು ಒಂಟಿ ಬಿಡಲೂ ಆಗದೆ ತಡವರಿಸುವ ಒಂದು ಪ್ಲಾಸ್ಟಿಕ್ ಹಕ್ಕಿಯ ದನಿ ಕೇಳಿಸುತ್ತದೆ.